ಹಾಲು ಬಂತು, ಅಕ್ಕರೆ ಬರಲಿಲ್ಲ

ಹೆತ್ತ ತಾಯಿಯ ದೃಷ್ಟಿಯೇ ಕೂಸಿಗೆ ಮೊದಲು ತಾಕುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಅದಕ್ಕೇ ಬಾಣಂತಿ ಮಗುವಿನ ಮುಖವನ್ನು ದಿಟ್ಟಿಸಿ ನೋಡಬಾರದು. ನಾನು ನೋಡುತ್ತಿರಲಿಲ್ಲ. ಬೆಂಗೇರಿಯ ನನ್ನ ತವರಿಗೆ ಕೂಸು ನೋಡಲು ಬಂದ ಹೆಂಗಸರು ಇದನ್ನು ಕಂಡು ಮೆಚ್ಚಿದರು. ಇಷ್ಟು ಓದಿದರೂ ರೀತಿ ರಿವಾಜು ಬಿಟ್ಟಿಲ್ಲ, ಭಾಳ ಶಾಣ್ಯಾಕಿ ಎಂದು ಅವ್ವನ ಎದುರು ಹೊಗಳಿದರು. ಅವ್ವ ಬೀಗಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದುದು ದೃಷ್ಟಿಗೆ ಅಂಜಿ ಅಲ್ಲ. ಆ ಮಗುವನ್ನು ನೋಡಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬಸ್ಸಿನಲ್ಲಿ ಯಾರೋ ತುಸು ಹಿಡಿದುಕೊಳ್ಳಿ ಎಂದು ತಮ್ಮ ಕೂಸನ್ನು ಕೊಟ್ಟು, ಇಳಿದು ಹೋದ ಹಾಗೆ ಇತ್ತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಆಕ್ಸಿಟೋಸಿನ್ ಹೆಸರು ಬಂದಾಗ ಹಿಂದಿನ ಬೆಂಚು ಮುಸಿಮುಸಿ ನಗುತ್ತದೆ. ಪ್ರೀತಿಯ ಹಾರ್ಮೋನು ಎಂದು ಮೊಬೈಲಿನಲ್ಲಿ ನೋಡಿರುತ್ತಾರೆ. ಮಿದುಳಿನಲ್ಲಿ ಹುಟ್ಟುತ್ತದೆ, ಕೂಸು ಮೊಲೆಗೆ ಬಾಯಿ ಹಾಕಿದೊಡನೆ ರಕ್ತಕ್ಕೆ ಇಳಿಯುತ್ತದೆ, ಹಾಲು ತರುತ್ತದೆ, ತಾಯಿಯ ಭಯ ತಗ್ಗಿಸಿ ಅವಳನ್ನು ಕೂಸಿನ ಕಡೆ ಎಳೆಯುತ್ತದೆ. ಬೋರ್ಡಿನ ಮೇಲೆ ಗೆರೆ ಎಳೆದು ಎಷ್ಟು ಸಲ ತೋರಿಸಿದ್ದೇನೋ. ನನಗೂ ಹಾಲು ಬಂತು, ಕುಪ್ಪಸ ತೋಯುವಷ್ಟು ಬಂತು. ಉಳಿದದ್ದು ಬರಲಿಲ್ಲ.

ಬಾಣಂತಿ ಕೋಣೆಯ ಕಿಟಕಿಯಿಂದ ಪಕ್ಕದ ಮನೆಯವರ ಎಮ್ಮೆ ಕಾಣುತ್ತಿತ್ತು. ಅದರ ಕರು ಸತ್ತಿತ್ತು. ಕರು ಇಲ್ಲದೆ ಅದು ಹಾಲು ಬಿಡುತ್ತಿರಲಿಲ್ಲ. ಮಾಲೀಕ, ಹಾಗೆ ಮಾಡಬಾರದೆಂದು ಗೊತ್ತಿದ್ದೂ, ದಿನಾ ಅದಕ್ಕೊಂದು ಸೂಜಿ ಚುಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಬಕೆಟ್ಟಿನಲ್ಲಿ ಚರ್ ಚರ್ ಸದ್ದು. ಎಮ್ಮೆ ಗೋಡೆ ನೋಡುತ್ತ ನಿಂತಿರುತ್ತಿತ್ತು. ಆ ಸೂಜಿಯಲ್ಲಿ ಇದ್ದದ್ದು ಅದೇ ಹಾರ್ಮೋನು. ಹೆರಿಗೆ ನೋವು ಬರಲೆಂದು ಆಸ್ಪತ್ರೆಯಲ್ಲಿ ನನ್ನ ಕೈಗೆ ಹನಿಹನಿಯಾಗಿ ಬಿಟ್ಟದ್ದೂ ಅದೇ. ಹೊರಗಿನಿಂದ ಹಾಕಿದ್ದು ಮೈಯಲ್ಲಿ ಕೆಲಸ ಮಾಡುತ್ತದೆ, ಮಿದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ಇದೆಲ್ಲ ಗೊತ್ತಿದ್ದರಿಂದ ನನಗೆ ಚೂರೂ ಉಪಕಾರವಾಗಲಿಲ್ಲ. ಆ ಎಮ್ಮೆಯನ್ನು ಕಂಡರೆ ಹೆದರಿಕೆಯಾಗುತ್ತಿತ್ತು, ಆದರೂ ಅದನ್ನೇ ನೋಡುತ್ತ ಕೂರುತ್ತಿದ್ದೆ.

ಒಂದು ಮುಂಜಾನೆ ಕೂಸಿಗೆ ಎರೆಯುವ ಹೊತ್ತು. ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ತಣ್ಣೀರು ತರಲು ಹೋಗುತ್ತ ಅವ್ವ, ಎಣ್ಣೆ ಹಚ್ಚಿದ ಕೂಸನ್ನು ನನ್ನ ಕೈಗೆ ಕೊಟ್ಟಳು. ಮೈ ಜಾರುತ್ತಿತ್ತು. ಹಂಡೆಯ ಬಾಯಿ ತೆರೆದೇ ಇತ್ತು. ಕೈ ಬಿಟ್ಟರೆ ಆಯಿತು, ಆಮೇಲೆ ನಿದ್ದೆ ಮಾಡಬಹುದು ಎಂಬ ಯೋಚನೆ ಬಂತು. ಸಿಟ್ಟಿನಿಂದ ಬರಲಿಲ್ಲ, ಅಂಗಡಿಗೆ ಹೋಗಿ ಬರಬೇಕು ಅನ್ನುವಷ್ಟು ಸರಳವಾಗಿ ಬಂತು. ನಾನು ಗೋಡೆಗೆ ಬೆನ್ನು ಹಚ್ಚಿ, ಕೂಸನ್ನು ಅವುಚಿಕೊಂಡು ಅಲ್ಲೇ ನೆಲಕ್ಕೆ ಕುಸಿದೆ. ಕೊಡ ಹೊತ್ತು ಬಂದ ಅವ್ವ ಬಾಗಿಲಲ್ಲೇ ನಿಂತಳು.

"ಅವ್ವಾ, ಇನ್ನ ಮ್ಯಾಲ ಕೂಸನ್ನ ನನ್ನ ಕೈಯಾಗ ಕೊಟ್ಟು ಹೋಗಬ್ಯಾಡ," ಎಂದೆ. "ನಾ ಏನರ ಮಾಡಿಬಿಡ್ತೇನಿ."

ಬಯ್ಯುತ್ತಾಳೆ, ಇಲ್ಲವೇ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಕೊಡ ಕೆಳಗಿಟ್ಟಳು. ಕೂಸನ್ನು ತೆಗೆದುಕೊಂಡಳು, ಹಂಡೆಯ ಬಾಯಿ ಮುಚ್ಚಿದಳು, ನನ್ನ ಪಕ್ಕ ಹಸಿ ನೆಲದ ಮೇಲೆ ಕುಳಿತಳು. ಈಗಲೇ ಡಾಕ್ಟರ ಹತ್ತಿರ ಹೋಗೋಣ, ಇದಕ್ಕೆ ಈಗ ಔಷಧ ಇದೆಯಂತೆ ಎಂದಳು. ನನಗೆ ಅಳು ಬಂತು. ಇದು ಎಂತಹ ಜಡ್ಡೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

ಅವ್ವ ಕೂಸಿನ ಮೈಯ ಎಣ್ಣೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ನಿನ್ನ ಹಡೆದಾಗ ನಾ ಹೆಬ್ಬಳ್ಳಿ ತವರಮನ್ಯಾಗ ಇದ್ದೆ," ಎಂದಳು. "ಹಿತ್ತಲ ಬಾವಿ ದಂಡಿ ಮ್ಯಾಲ ನಮ್ಮವ್ವ ನನ್ನ ಕೈಯಾಗಿಂದ ನಿನ್ನ ಕಸಗೊಂಡ್ಲು. ಮರುದಿನಾ ಬಾವಿ ಬಾಯಿಗೆ ಕಟಗಿ ಹಲಿಗಿ ಬಡಿಸಿ ಮುಚ್ಚಿಸಿದ್ಲು."