ಹಸಿರು ಪೊಟ್ಟಣ ಮತ್ತು ಬೀ-ಯುನ್‌ಳ ಬೀಗದಕೈ

ಲೈ ಬೀ-ಯುನ್ ತನ್ನ ಫೋನ್ ಆಫ್ ಮಾಡಿದ್ದನ್ನು ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಅವಳ ಮದುವೆಯ ಔತಣದಲ್ಲಿ ಎಲ್ಲರೂ ಆವಿಯಲ್ಲಿ ಬೇಯಿಸಿದ ಮೀನಿಗೆ ಕಾಯುತ್ತಿದ್ದಾಗ, ಕೆಂಪು ಉಡುಪಿನ ಮದುಮಗಳು ಮೇಜಿನ ಕೆಳಗೆ ಬಗ್ಗಿ, "ಮೊದ್ಲು ಎರಡನೇ ಯಂತ್ರ ಆಫ್ ಮಾಡು, ಆಮೇಲೆ ಒಂದನೇದು" ಎಂದು ಫೋನಿನಲ್ಲಿ ಪಿಸುಗುಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಮದುಮಗ ಪೆಚ್ಚಾಗಿ ನಗುತ್ತಿದ್ದ. ಪಾಪ, ಅವನಿಗೆ ಅಂದೇ ಅರ್ಥವಾಗಿರಬೇಕು.

ಅವಳು ಹತ್ತೊಂಬತ್ತನೇ ವಯಸ್ಸಿಗೆ ನಮ್ಮ ಬಸ್ ಕಂಪನಿ ಸೇರಿದ್ದು ಚಿಯಾಯಿ ನಿಲ್ದಾಣದ ಮೈಕಿನ ಮುಂದೆ ಕೂರಲು. ಬೇಗಾಂಗ್‌ಗೆ ಹೋಗುವವರು ಇತ್ತ ಬನ್ನಿ, ಬೂದಾಯ್‌ಗೆ ಹೋಗುವವರು ಅತ್ತ ಹೋಗಿ ಎಂದು ಅವಳು ಕೂಗಿದರೆ, ಎಲ್ಲಿಗೂ ಹೋಗಬೇಕಿಲ್ಲದವರೂ ಎದ್ದು ನಿಲ್ಲುತ್ತಿದ್ದರು, ದನಿ ಅಂಥದ್ದು. ನಿಲ್ದಾಣಕ್ಕೆ ಕಂಪ್ಯೂಟರ್ ಬಂದಾಗ ರಿಪೇರಿಗೆ ಬರುವವನ ಬೆನ್ನ ಹಿಂದೆ ನಿಂತು, ಅವನು ಒತ್ತಿದ್ದನ್ನೆಲ್ಲ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಂಡಳು. ಒಂದು ವರ್ಷ ಕಳೆಯುವಷ್ಟರಲ್ಲಿ ಅವನನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. ಈಗ ಅವಳಿಗೆ ಐವತ್ತೆರಡು. ಸರ್ವರ್ ಕೋಣೆ ಪೂರ್ತಿ ಅವಳದ್ದು. ವೇಳಾಪಟ್ಟಿ ವಿಭಾಗದ ನನ್ನ ಮೇಜಿಗೂ ಆ ಕೋಣೆಗೂ ನಡುವೆ ಒಂದು ಗಾಜಿನ ಗೋಡೆ. ಅವಳ ಧೈರ್ಯ ಕಂಡು ನಾನು ಹೊಟ್ಟೆಕಿಚ್ಚುಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

ನಮ್ಮಲ್ಲಿ ಟಿಕೆಟ್ ಮಾರುವ, ಬಸ್ ಎಲ್ಲಿದೆಯೆಂದು ತೋರಿಸುವ, ಚಾಲಕರ ಪಾಳಿ ಹಂಚುವ ಯಂತ್ರಗಳು ಮೂವತ್ತೆಂಟು. ಒಂದರ ಜೊತೆ ಇನ್ನೊಂದು ಮಾತಾಡಲು ಪಾಸ್‌ವರ್ಡ್ ಬೇಕು. ಅಂಥ ಅರವತ್ತೊಂದು ಪಾಸ್‌ವರ್ಡ್‌ಗಳನ್ನು ಬೀ-ಯುನ್ ಮುಖ್ಯ ಸರ್ವರಿನಲ್ಲಿ ಗೂಢಲಿಪಿಯಲ್ಲಿ ಒಟ್ಟಿಗೆ ಇಟ್ಟಿದ್ದಳು. ಅದಕ್ಕೆ ನಾವು ಪೆಟ್ಟಿಗೆ ಅನ್ನುತ್ತಿದ್ದೆವು. ಅರ್ಧ ಗಂಟೆಗೊಮ್ಮೆ ಪ್ರತಿ ಯಂತ್ರವೂ ಪೆಟ್ಟಿಗೆಯನ್ನು ತರಿಸಿಕೊಂಡು, ತನ್ನ ಬಳಿ ಇರುವ ಬೀಗದಕೈಯಿಂದ ತೆರೆದು ಓದಿಕೊಳ್ಳುತ್ತದೆ. ಬೀಗದಕೈ ಎಂದರೆ ಉದ್ದನೆಯ ಒಂದು ಸಾಲು ಅಕ್ಷರ, ಅಷ್ಟೇ. ಕಪ್ಪು ಪರದೆಯ ಮೇಲೆ ಬೀ-ಯುನ್ ಒಂದು ಆಜ್ಞೆ ಟೈಪ್ ಮಾಡಿ, ಅದರ ಕೊನೆಗೆ ಬೀಗದಕೈ ಎಲ್ಲಿದೆಯೆಂದು ಸೇರಿಸಿದರೆ ಪೆಟ್ಟಿಗೆ ಬಾಯಿಬಿಡುತ್ತದೆ. ಸೇರಿಸದಿದ್ದರೆ ಕಾಣುವುದು ಅಡ್ಡಾದಿಡ್ಡಿ ಅಕ್ಷರಗಳ ರಾಶಿ.

ಈ ವಿಷಯದಲ್ಲಿ ಅವಳ ಮಡಿ ಬಹಳ. ತೆರೆದ ಪಾಸ್‌ವರ್ಡ್ ಯಾವ ಯಂತ್ರದ ಡಿಸ್ಕಿನಲ್ಲೂ ಬರೆದಿರಕೂಡದು. ಯಂತ್ರ ಹೊತ್ತಿರುವಷ್ಟು ಹೊತ್ತು ಅದರ ನೆನಪಿನಲ್ಲಿ ಇದ್ದು, ಆರಿದೊಡನೆ ಅಳಿಸಿಹೋಗಬೇಕು. ಬೀಗದಕೈ ಯಂತ್ರಗಳಲ್ಲಿ ಬಿಟ್ಟರೆ ಕಾಗದದ ಮೇಲೆ ಒಂದೇ ಪ್ರತಿ, ಅದೂ ಅವಳ ಕಬ್ಬಿಣದ ಡ್ರಾಯರಿನಲ್ಲಿ. ಹನ್ನೊಂದು ವರ್ಷದಿಂದ ಅವಳ ಕೈಕೆಳಗಿರುವ ಟೂ ರುಯ್-ಫಾನಿಗೂ ಕೊಟ್ಟಿರಲಿಲ್ಲ. ನಲವತ್ತೊಂದರ ಸಭ್ಯ ಮನುಷ್ಯ ಅವನು, ಜೋರಾಗಿ ಸೀನಲೂ ಅಂಜುವವನು.

"ಅಕ್ಕಾ, ನೀವು ಒಂದಿನ ಬಸ್ಸಿನ ಕೆಳಗೆ ಬಿದ್ರೆ?" ಎಂದು ಅವನು ಒಮ್ಮೆ ಕೇಳಿಯೂ ಇದ್ದ.

"ನಮ್ಮ ಬಸ್ಸು ಟೈಮಿಗೆ ಬಂದ್ರೆ ತಾನೆ ನಾನು ಬೀಳೋದು? ಆ-ಚಿಂಗ್‌ಳನ್ನ ಕೇಳು" ಎಂದು ನನ್ನತ್ತ ಗದ್ದ ಎತ್ತಿ ತೋರಿಸಿ ನಕ್ಕಳು. ನಾನೂ ನಕ್ಕೆ. ರುಯ್-ಫಾ ಮಾತ್ರ ನಗಲಿಲ್ಲ.

ಇನ್ನು ಹಸಿರು ಪೊಟ್ಟಣದ ಮಾತು. ಈ ನಾಡಿನ ಎಲ್ಲ ಕಂಪ್ಯೂಟರ್ ಕೋಣೆಗಳಂತೆ ನಮ್ಮ ಸರ್ವರ್ ಕಪಾಟಿನ ಮೇಲೂ ತೆಂಗಿನ ರುಚಿಯ ಜೋಳದ ತಿಂಡಿಯ ಪೊಟ್ಟಣ ಕೂತಿರುತ್ತದೆ. ತಿಂಡಿಯ ಹೆಸರೇ ಜಾಣನಾಗಿರು ಮರಿ ಎಂದಲ್ಲವೇ, ಅದನ್ನು ನೋಡಿ ಯಂತ್ರವೂ ಜಾಣತನದಿಂದ ಇರಬೇಕು. ಪೊಟ್ಟಣ ಹಸಿರೇ ಆಗಬೇಕು. ಹಳದಿ ಇಟ್ಟರೆ ಯಂತ್ರ ಹಠ ಹಿಡಿಯುತ್ತದೆ, ಕೆಂಪಿನ ಸುದ್ದಿಯಂತೂ ಬೇಡವೇ ಬೇಡ. ಅವಧಿ ಮೀರಿದ್ದನ್ನು ಒಂದು ದಿನವೂ ಇಡುವಂತಿಲ್ಲ. ಬೀ-ಯುನ್ ಈ ಪದ್ಧತಿಗೆ ತನ್ನದೊಂದು ಕೆಲಸ ಗಂಟುಹಾಕಿದ್ದಳು. ಪೊಟ್ಟಣದ ಅವಧಿ ಮುಗಿಯುವ ಮುನ್ನ ಹೊಸ ಬೀಗದಕೈ ಮಾಡಿ ಎಲ್ಲ ಯಂತ್ರಗಳಲ್ಲೂ ಹಳೆಯದರ ಪಕ್ಕ ಇಡುವುದು, ಪೆಟ್ಟಿಗೆಯನ್ನು ಹೊಸದರಿಂದ ಮತ್ತೆ ಬೀಗ ಹಾಕುವುದು, ಅದಾದ ಮೇಲೆ ಹೊಸ ಪೊಟ್ಟಣ ಇಡುವುದು, ಕೊನೆಗೆ ಹಳೆಯ ಬೀಗದಕೈಯನ್ನು ಎಲ್ಲ ಕಡೆಯಿಂದ ಅಳಿಸುವುದು. ಹೊಸ ಪೊಟ್ಟಣ ಕಂಡಿತೆಂದರೆ ಪೆಟ್ಟಿಗೆಗೆ ಹೊಸ ಬೀಗ ಬಿದ್ದಿದೆ ಎಂದೇ ಅರ್ಥ. ಈ ಲೆಕ್ಕ ಇದ್ದದ್ದು ಅವಳ ತಲೆಯಲ್ಲಿ ಮಾತ್ರ.

ಈ ವರ್ಷ ಮಾರ್ಚಿನಲ್ಲಿ ಅವಳು ಹೊಸ ಬೀಗದಕೈಯನ್ನು ಎಲ್ಲ ಯಂತ್ರಗಳಿಗೂ ಕಳಿಸಿ ಮುಗಿಸುವಷ್ಟರಲ್ಲಿ, ಅವಳ ತಾಯಿ ಮಾರುಕಟ್ಟೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರೆಂದು ಕರೆ ಬಂತು. ಚೀಲವನ್ನೂ ಮರೆತು ಓಡಿದಳು. ಆಸ್ಪತ್ರೆಯಿಂದ ವಾಪಸು ಬಂದದ್ದು ಎಂಟು ದಿನದ ಮೇಲೆ, ಒಂದು ಬುಧವಾರ ಬೆಳಿಗ್ಗೆ. ಸಮಾಧಿ ಗುಡಿಸುವ ಹಬ್ಬದ ಟಿಕೆಟ್ ಬುಕಿಂಗ್ ಶುಕ್ರವಾರ ಹತ್ತಕ್ಕೆ ತೆರೆಯುವುದಿತ್ತು. ವರ್ಷಕ್ಕೊಮ್ಮೆ ಇಡೀ ಜಿಲ್ಲೆ ಹಿರಿಯರ ಸಮಾಧಿಗೆಂದು ಊರಿಗೆ ಹೊರಡುವ ಹಬ್ಬ ಅದು.

ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸಿದಳು. ಕಪಾಟಿನ ಮೇಲೆ ಹೊಸ ಹಸಿರು ಪೊಟ್ಟಣ. "ಅಬ್ಬ, ಆ ಗಡಿಬಿಡೀಲೂ ಬೀಗ ಹಾಕಿ, ಪೊಟ್ಟಣ ಇಟ್ಟು ಹೋಗಿದೀನಿ ನೋಡು. ಕೈಗೇ ಅಭ್ಯಾಸ ಆಗ್ಬಿಟ್ಟಿದೆ" ಎಂದು ನನಗೆ ಹೆಮ್ಮೆಯಿಂದ ಹೇಳಿ ಒಳಗೆ ಕೂತಳು. ಉಳಿದದ್ದು ಕೊನೆಯ ಕೆಲಸ. ಒಂದೇ ಸಾಲಿನ ಆಜ್ಞೆಗೆ ಮೂವತ್ತೆಂಟು ಯಂತ್ರಗಳಿಂದಲೂ ಹಳೆಯ ಬೀಗದಕೈ ಅಳಿಸಿಹೋಯಿತು. ಅದರ ಕಾಗದವನ್ನೂ ಡ್ರಾಯರಿನಿಂದ ತೆಗೆದು ಕತ್ತರಿಸುವ ಯಂತ್ರಕ್ಕೆ ತುರುಕಿದಳು. ಕಾಗದ ಸಣ್ಣ ಶಾವಿಗೆಯಾಗಿ ಬುಟ್ಟಿಗೆ ಬಿತ್ತು.

ಹತ್ತು ಗಂಟೆಗೆ ಯಂತ್ರಗಳು ಎಂದಿನಂತೆ ಪೆಟ್ಟಿಗೆ ತರಿಸಿಕೊಂಡವು. ಒಂದಕ್ಕೂ ತೆರೆಯಲಾಗಲಿಲ್ಲ. ಪರದೆಯ ಮೇಲೆ ಮೂವತ್ತೆಂಟು ಕೆಂಪು ಸಾಲು.

"ರುಯ್-ಫಾ, ಈ ಪೊಟ್ಟಣ ಇಟ್ಟಿದ್ದು ಯಾರು?"

"ನಾನೇ ಅಕ್ಕಾ. ಹೋದ ಶುಕ್ರವಾರಕ್ಕೆ ಅವಧಿ ಮುಗೀತಿತ್ತು. ಹಳೇದು ಬಿಟ್ರೆ ಯಂತ್ರ ಕೆಡುತ್ತೆ ಅಂತ..." ಅವಳ ಮುಖ ನೋಡಿ ಅವನ ಮಾತು ಅಲ್ಲೇ ನಿಂತಿತು. "ತಪ್ಪಾಯ್ತಾ ಅಕ್ಕಾ?"

ಇನ್ನೇನು ಅವನ ಕಥೆ ಮುಗಿಯಿತು, ಗಾಜು ಒಡೆಯುವಂತೆ ಬೈಯುತ್ತಾಳೆ ಅಂದುಕೊಂಡೆ. ಅವಳು ಬೈಯಲಿಲ್ಲ. "ನಿಂದಲ್ಲ. ನೀನು ಎಲ್ರೂ ಮಾಡೋದನ್ನೇ ಮಾಡಿದೀಯ. ತಪ್ಪು ನಂದು" ಎಂದಳು. ಆ ಬಾಯಿಂದ ಆ ಮಾತು ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ಪೆಟ್ಟಿಗೆಗೆ ಇನ್ನೂ ಹಳೆಯ ಬೀಗವೇ ಇತ್ತು, ಅದರ ಬೀಗದಕೈ ಈಗ ಲೋಕದಲ್ಲೇ ಇಲ್ಲ. ಪೆಟ್ಟಿಗೆ ಇನ್ನು ಎಂದೂ ತೆರೆಯದು. ಆದರೂ ಬಸ್ಸು ಓಡುತ್ತಿದ್ದವು, ಟಿಕೆಟ್ ಮಾರಾಟ ನಡೆದಿತ್ತು. ಮೊದಲೇ ಓದಿಕೊಂಡ ಪಾಸ್‌ವರ್ಡ್‌ಗಳು ಯಂತ್ರಗಳ ನೆನಪಿನಲ್ಲಿ ಇನ್ನೂ ಇದ್ದವಲ್ಲ. ಯಂತ್ರ ಆರಿದರೆ ಮಾತ್ರ ಅವೂ ಹೋದವು. ಮತ್ತು ಅಂದು ಮಧ್ಯಾಹ್ನ ಮೂರರಿಂದ ಐದರ ತನಕ ನಮ್ಮ ಇಡೀ ಬೀದಿಗೆ ಕರೆಂಟ್ ಇಲ್ಲವೆಂದು ಲಿಫ್ಟಿನಲ್ಲಿ ಎರಡು ವಾರದಿಂದ ಚೀಟಿ ಅಂಟಿಸಿದ್ದರು. ಬ್ಯಾಟರಿ ತಡೆಯುವುದು ಇಪ್ಪತ್ತು ನಿಮಿಷ.

ಬೀ-ಯುನ್ ನೇರ ನಮ್ಮ ಮ್ಯಾನೇಜರ್ ಕೋ ಎಂಬುವನ ಕೋಣೆಗೆ ಹೋದಳು, ಬಾಗಿಲನ್ನೂ ಮುಚ್ಚಲಿಲ್ಲ. ಕೋ ತೈಪೆಯಿಂದ ಬಂದು ಒಂದು ವರ್ಷವಾಗಿತ್ತು. ಪೆಟ್ಟಿಗೆಯನ್ನು ಹೊರಗಿನ ಕಂಪನಿಗೆ ವಹಿಸಬೇಕು, ಅವಳು ಬೇಗ ನಿವೃತ್ತಿ ತೆಗೆದುಕೊಳ್ಳಬೇಕು ಎಂಬುದು ಅವನ ಆಸೆ. ಅದು ಅವಳಿಗೂ ಗೊತ್ತಿತ್ತು.

"ಅಂದ್ರೆ ಶುಕ್ರವಾರ ಬುಕಿಂಗ್ ಇಲ್ಲ ಅಂತಾನಾ ಮೇಡಂ?"

"ಇದೆ. ಮೂರು ಗಂಟೆ ಒಳಗೆ ಅರವತ್ತೊಂದನ್ನೂ ಯಂತ್ರಗಳ ನೆನಪಿಂದ ಹೊರಗೆ ತೆಗೀತೀನಿ, ಹೊಸ ಪೆಟ್ಟಿಗೇಲಿ ಇಡ್ತೀನಿ. ಅಲ್ಲೀವರೆಗೆ ಯಾರೂ ಯಾವ ಯಂತ್ರಾನೂ ಮುಟ್ಟಬಾರ್ದು. ನೀವೂ ಸೇರಿ."

"ಆಗ್ಲಿಲ್ಲ ಅಂದ್ರೆ?"

"ಆ ಹೊರಗಿನವರನ್ನ ಕರೆಸಿ. ನನ್ನ ರಾಜೀನಾಮೆ ನಾನೇ ಟೈಪ್ ಮಾಡ್ತೀನಿ. ನಿಮಗಿಂತ ಬೇಗ ಟೈಪ್ ಮಾಡ್ತೀನಿ, ಗೊತ್ತಲ್ಲ?"

ವಾಪಸು ಬಂದು ಎರಡು ಕುರ್ಚಿ ಪಕ್ಕಪಕ್ಕ ಎಳೆದಳು. "ಬಾ ರುಯ್-ಫಾ, ಕೂತ್ಕೋ. ನಾನು ತೆಗೀತಾ ಹೋಗ್ತೀನಿ, ನೀನು ಒಂದೊಂದನ್ನೂ ತಾಳೆ ನೋಡು. ನನ್ನ ನಂಬಬೇಡ. ಇವತ್ತು ನನ್ನ ಕಣ್ಣು ಒಂದ್ಸಲ ಮೋಸ ಮಾಡಿದೆ."

ಗಾಜಿನ ಈಚೆಯಿಂದ ನಾನು ನೋಡುತ್ತಿದ್ದೆ, ವೇಳಾಪಟ್ಟಿಯ ಕಡೆ ಗಮನವೇ ಇರಲಿಲ್ಲ. ಒಂದು ಯಂತ್ರದೊಳಗೆ ಹೋಗುವುದು, ಅದರ ನೆನಪಿನಿಂದ ಬೇಕಾದ್ದನ್ನು ಎತ್ತುವುದು, ಹೊಸ ಬೀಗದಕೈ ಸೇರಿಸಿ ಹೊಸ ಪೆಟ್ಟಿಗೆಗೆ ಬರೆಯುವುದು, ತೆರೆದು ನೋಡುವುದು, ಮುಂದಿನ ಯಂತ್ರ. ನಾನು ಟರ್ಕಿ ಕೋಳಿಯ ಅನ್ನದ ಎರಡು ಡಬ್ಬಿ ಒಳಗಿಟ್ಟು ಬಂದೆ. ಒಂದೂವರೆಗೆ ನಲವತ್ತನೆಯದು ಮುಗಿಯಿತು. ಡಬ್ಬಿಗಳು ಇಟ್ಟಲ್ಲೇ ಆರಿ ತಣ್ಣಗಾದವು.

ಎರಡು ಬಾರಿ ರುಯ್-ಫಾ "ಅಕ್ಕಾ, ನಿಲ್ಲಿ" ಎಂದ. ಎರಡು ಬಾರಿಯೂ ಅವನು ಹೇಳಿದ್ದೇ ಸರಿಯಿತ್ತು. ಹನ್ನೊಂದು ವರ್ಷ ಬಾಯಿಮುಚ್ಚಿ ನೋಡುತ್ತ ಕೂತವನಿಗೆ ಯಾವ ಯಂತ್ರಕ್ಕೆ ಯಾವುದು ಬೇಕೆಂದು ಅವಳಷ್ಟೇ ಗೊತ್ತಿತ್ತು. ಅವಳು ಎರಡನೆಯ ಸಲ ಅವನ ಕಡೆ ತಿರುಗಿ ನೋಡಿದ ನೋಟ ನನಗೆ ಗಾಜಿನಾಚೆಯಿಂದಲೂ ಕಂಡಿತು.

ಎರಡು ಐವತ್ತಕ್ಕೆ ಅರವತ್ತೊಂದೂ ಮುಗಿದವು. ಕೋ ಬಾಗಿಲಲ್ಲಿ ಬಂದು ನಿಂತಿದ್ದ. "ಇದು ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಗೋದು?"

"ಒಂದು ಯಂತ್ರಾನ ನಾವೇ ಆಫ್ ಮಾಡಿ ನೋಡೋದು. ಟಿಕೆಟ್ಟಿಂದೇ ಆಗ್ಲಿ" ಎಂದಳು ಬೀ-ಯುನ್. ಆಮೇಲೆ ಎದ್ದು ನಿಂತು ಕೀಬೋರ್ಡನ್ನು ರುಯ್-ಫಾನ ಮುಂದೆ ತಳ್ಳಿದಳು. "ಆಜ್ಞೆ ನೀನು ಕೊಡು."

"ನಾನಾ ಅಕ್ಕಾ?"

"ಇನ್ನೇನು, ಪೊಟ್ಟಣ ಇಡೋಕೆ ಮಾತ್ರ ಬರುತ್ತಾ ನಿಂಗೆ?"

ಅವನು ಒತ್ತಿದ. ಯಂತ್ರ ಆರಿತು. ಮತ್ತೆ ಹೊತ್ತಿಕೊಳ್ಳಲು ಎರಡು ನಿಮಿಷ ಹಿಡಿಯಿತು. ಕಡೆಗೆ ಅದು ಪೆಟ್ಟಿಗೆ ತರಿಸಿಕೊಂಡಿತು, ಹೊಸ ಬೀಗದಕೈಯಿಂದ ತೆರೆಯಿತು, ಬೇಕಾದ್ದನ್ನು ಓದಿಕೊಂಡು ಟಿಕೆಟ್ ಮಾರತೊಡಗಿತು. ರುಯ್-ಫಾ ಅತ್ತೇಬಿಟ್ಟ. ನನ್ನ ಕಣ್ಣೂ ತುಂಬಿತ್ತು. ಬೀ-ಯುನ್ ಮಾತ್ರ ತಣ್ಣಗಾದ ಕೋಳಿ ಅನ್ನದ ಡಬ್ಬಿ ತೆಗೆದು, ನಿಂತಲ್ಲೇ ಗಬಗಬ ತಿಂದಳು.

ಮೂರಕ್ಕೆ ಕರೆಂಟ್ ಹೋಯಿತು. ಐದಕ್ಕೆ ಬಂದಾಗ ಮೂವತ್ತೆಂಟೂ ಒಂದೊಂದಾಗಿ ಎದ್ದವು. ಮರುದಿನ ಬೆಳಿಗ್ಗೆ ಕೋ ಅವಳ ಮೇಜಿನ ಮೇಲೆ ತಾನೇ ಸೋಯಾ ಹಾಲು ತಂದಿಟ್ಟು, ಹೊರಗಿನ ಕಂಪನಿಯ ಮಾತು ಸದ್ಯಕ್ಕೆ ಬೇಡವೆಂದ.

ಆ ಗುರುವಾರ ಬೀ-ಯುನ್ ಮತ್ತೊಮ್ಮೆ ಬೀಗದಕೈ ಬದಲಿಸಿದಳು. ಈ ಸಲ ಕಾಗದದ ಪ್ರತಿ ಎರಡು. ಒಂದನ್ನು ಲಕೋಟೆಗೆ ಹಾಕಿ, ತನ್ನ ಹೆಸರಿನ ಮುದ್ರೆ ಒತ್ತಿ, ರುಯ್-ಫಾನ ಎರಡೂ ಕೈಗೆ ತನ್ನ ಎರಡೂ ಕೈಯಿಂದ ಕೊಟ್ಟಳು. "ನಾಳೆ ಅಮ್ಮನ ಆಪರೇಷನ್ ಹೊಲಿಗೆ ಬಿಚ್ಚಿಸ್ಬೇಕು. ನಾನು ಬರಲ್ಲ" ಎಂದಳು.

"ನಾಳೆ ಬುಕಿಂಗ್ ಕಣೇ!" ಎಂದು ನಾನೇ ಕೂಗಿದೆ.

"ಗೊತ್ತು ಆ-ಚಿಂಗ್. ಅದಕ್ಕೇ ಇವನಿಗೆ ಕೊಟ್ಟೆ."

ಶುಕ್ರವಾರ ಹತ್ತಕ್ಕೆ ಬುಕಿಂಗ್ ತೆರೆಯಿತು. ಮೊದಲ ಐದು ನಿಮಿಷಕ್ಕೇ ಜನ ಮುಗಿಬಿದ್ದರು. ರುಯ್-ಫಾ ಆರು ಹೊಸ ಯಂತ್ರಗಳನ್ನು ಜೊತೆಗೆ ಹೊತ್ತಿಸಿದ, ಆರೂ ಪೆಟ್ಟಿಗೆ ತೆರೆದವು. ಅವನು ಬೆವರು ಒರೆಸಿಕೊಂಡು ಗಾಜಿನಾಚೆಯಿಂದ ನನಗೆ ಹೆಬ್ಬೆರಳು ತೋರಿಸಿದ. ಇದನ್ನು ಹೇಳೋಣವೆಂದು ಹತ್ತೂವರೆಗೆ ನಾನು ಬೀ-ಯುನ್‌ಗೆ ಕರೆ ಮಾಡಿದೆ.

ಅವಳ ಫೋನ್ ಆಫ್ ಆಗಿತ್ತು.