ಅಕ್ಕ ಚಿಲಕ ಹಾಕಿದ್ದಳು

ಅಂದು ಬಾಲ್ಕನಿಯ ಬಲೆಬಾಗಿಲನ್ನು ತೆರೆದು ಬಿಟ್ಟವನು ನಾನು. ಅಕ್ಕ ಅಲ್ಲ. ಅದು ತನ್ನದೇ ತಪ್ಪೆಂದು ಅವಳು ನಾಲ್ಕು ವರ್ಷ ನಂಬಿದ್ದಳು — ನಾನು ನಂಬಿಸಿದ್ದೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನ ವಿವರಗಳಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬಲಾರೆ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಗುಬ್ಬಿಯ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಯಾವುದನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡಿದ್ದು ಎಷ್ಟು ಸಲವೋ. ಅಕ್ಕ ನಿವೃತ್ತ ಶಿಕ್ಷಕಿ. ತುಮಕೂರಿನಲ್ಲಿ ಒಂದು ಮಹಡಿ ಮನೆಯಲ್ಲಿ ಒಬ್ಬಳೇ ಇದ್ದಾಳೆ — ಒಬ್ಬಳೇ ಎಂದರೆ ಅವಳಿಗೆ ಕೋಪ, ಚುಕ್ಕಿ ಇದ್ದಾಳಲ್ಲ. ಚುಕ್ಕಿ ಅವಳ ಬೆಕ್ಕು.

ಚುಕ್ಕಿಗೂ ಮೊದಲಿದ್ದ ಬೆಕ್ಕು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿತ್ತು. ಚುಕ್ಕಿಯನ್ನು ಒಳಗೇ ಇಟ್ಟುಕೊಂಡರೆ ಅವಳು ದಿನವಿಡೀ ಕಿಟಕಿಯ ಹತ್ತಿರ ಕೂತು ಅರಚುತ್ತಿದ್ದಳು. ಕೊನೆಗೆ ಅಕ್ಕ ಕುಣಿಗಲ್‌ಗೆ ಹೋಗಿ, ಅಲ್ಲಿನ ಕೆರೆಯಲ್ಲಿ ಮೀನು ಹಿಡಿಯುವವರೊಬ್ಬರಿಂದ ಗಟ್ಟಿ ಬಲೆ ತಂದಳು. ಅವರು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, “ಬಲೆ ಮೀನಿಗೆ ಕಣಮ್ಮ. ಬೆಕ್ಕು ಬಂದು ಬಲೇಲಿರೋದನ್ನ ಕದಿಯೋದು ಕಂಡಿವ್ನಿ, ಬೆಕ್ಕೇ ಬಲೇಲಿ ಕೂರೋದು ಕಂಡಿಲ್ಲ” ಎಂದರಂತೆ. ಬಾಲ್ಕನಿಯನ್ನು ನೆಲದಿಂದ ಸೂರಿನವರೆಗೆ ಆ ಬಲೆಯಿಂದ ಮುಚ್ಚಿ, ಗೋಡೆಗೆ ಹಲಗೆಗಳನ್ನು ಹೊಡೆಸಿ, ಒಂದು ಕುಂಡದಲ್ಲಿ ಹುಲ್ಲು ಬೆಳೆಸಿದಳು. ಅಡುಗೆಮನೆಯ ಕಿಟಕಿಯಿಂದ ಚುಕ್ಕಿ ಬಾಲ್ಕನಿಗೆ ಇಳಿಯಬಹುದು. ಬಿಸಿಲು, ಗಾಳಿ, ಅಳಿಲು ಎಲ್ಲವೂ ಅಲ್ಲಿವೆ, ರಸ್ತೆ ಮಾತ್ರ ಇಲ್ಲ. ಹೊರಮೆಟ್ಟಿಲ ಕಡೆಗೆ ಮನುಷ್ಯರು ಓಡಾಡಲು ಒಂದು ಬಲೆಬಾಗಿಲು, ಅದಕ್ಕೊಂದು ಚಿಲಕ.

“ಜೈಲು ಕಣಕ್ಕ ಇದು” ಎಂದಿದ್ದೆ.

“ಅವ್ಳು ಹೊರಗೂ ಇರ್ಬೇಕು, ಬದುಕೂ ಇರ್ಬೇಕು. ಬೇರೆ ದಾರಿ ಇದ್ರೆ ಹೇಳಪ್ಪ ಪ್ರೊಫೆಸರ್ರೇ” ಎಂದಿದ್ದಳು.

ನಮ್ಮ ಮನೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಅಮ್ಮನಿಗೆ ಕೊನೆಯ ವರ್ಷಗಳಲ್ಲಿ ಮರೆವು ಬಂತು. ಒಲೆ ಉರಿಯುತ್ತಲೇ ಇರುತ್ತಿತ್ತು, ಬೀದಿಬಾಗಿಲು ತೆರೆದೇ ಇರುತ್ತಿತ್ತು. ಆಗ ಅಕ್ಕ ಒಂದು ಕ್ರಮ ಮಾಡಿದಳು: ಒಲೆ ಆರಿಸಿದವರು, ಚಿಲಕ ಹಾಕಿದವರು ಅದನ್ನು ಗಟ್ಟಿಯಾಗಿ ಹೇಳಬೇಕು, ಮನೆಯಲ್ಲಿರುವ ಇನ್ನೊಬ್ಬರು “ಕೇಳ್ದೆ” ಎನ್ನಬೇಕು. ಒಬ್ಬರ ನೆನಪು ಕೈಕೊಟ್ಟರೆ ಇನ್ನೊಬ್ಬರ ಕಿವಿ ಸಾಕ್ಷಿ. ಅಮ್ಮ ಹೋದಮೇಲೂ, ಪ್ರತಿ ಭಾನುವಾರ ನಾನು ಅಕ್ಕನ ಮನೆಗೆ ಹೋದಾಗ, ನಾವಿಬ್ಬರೂ ಅದನ್ನು ಬಿಡಲಿಲ್ಲ.

ಆ ಭಾನುವಾರ ಅಕ್ಕ ಬಾಲ್ಕನಿ ತೊಳೆದು, “ಚಿಲಕ ಹಾಕ್ದೆ” ಎಂದಳು. ನಾನು ಪೇಪರಿನಿಂದ ತಲೆ ಎತ್ತದೆ “ಕೇಳ್ದೆ” ಎಂದೆ. ಅವಳು ತರಕಾರಿಗೆ ಹೋದಳು. ನನಗೊಂದು ಫೋನ್ ಬಂತು. ಒಳಗೆ ಸಿಗ್ನಲ್ ಸಿಗದೆ ಬಲೆಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತು ಮಾತಾಡಿದೆ. ಒಳಗೆ ಬಂದೆ. ಚಿಲಕ ಹಾಕಲಿಲ್ಲ.

ಮರೆತೆನೇ? ಅಥವಾ — ಹಲಗೆಯ ಮೇಲಿಂದ ಚುಕ್ಕಿ ನೋಡುತ್ತಿದ್ದಳು, ಜೈಲು ಎಂಬ ನನ್ನದೇ ಮಾತು ತಲೆಯಲ್ಲಿತ್ತು, ಬಿಟ್ಟರೆ ಏನು ಮಾಡುತ್ತಾಳೋ ನೋಡೋಣ ಎಂದು... ಎರಡೂ ನೆನಪಿವೆ ನನಗೆ, ಎರಡೂ ಅಷ್ಟೇ ಸ್ಪಷ್ಟವಾಗಿ. ಯಾವುದು ನಡೆದದ್ದು, ಯಾವುದು ಆಮೇಲೆ ನಾನೇ ಕಟ್ಟಿಕೊಂಡದ್ದು, ಗೊತ್ತಿಲ್ಲ. ಗೊತ್ತಿರುವುದು ಒಂದೇ: ಅಕ್ಕ ಹೇಳಿದ್ದಳು, ನಾನು ಕೇಳಿದ್ದೆ.

ಅವಳು ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ಗಾಳಿಗೆ ಆಡುತ್ತಿತ್ತು.

“ನಾಗು, ಚುಕ್ಕಿ ಎಲ್ಲೋ? ಚಿಲಕ ಹಾಕ್ದೆ ಅಂದೆ ಅಲ್ವೇನೋ ನಾನು?”

“ಇಲ್ಲ ಕಣಕ್ಕ. ನಾನು ಕೇಳ್ಲಿಲ್ಲ.”

ಅಷ್ಟೇ. ಅವಳು ವಾದ ಮಾಡಲಿಲ್ಲ. ಚಿಲಕವನ್ನೊಮ್ಮೆ ಮುಟ್ಟಿ ನೋಡಿ, ಯಾರಿಗೋ ಹೇಳುವಂತೆ, “ಅಮ್ಮಂಗೂ ಹೀಗೇ ಶುರುವಾಗಿದ್ದು” ಎಂದಳು. ಆ ಕ್ಷಣದಲ್ಲಿ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಒಂಬತ್ತು ದಿನ ಇಬ್ಬರೂ ಬೀದಿ ಬೀದಿ ಅಲೆದೆವು. ಅಕ್ಕ ಚುಕ್ಕಿಯ ತಟ್ಟೆಗೆ ಚಮಚದಿಂದ ಬಡಿಯುತ್ತ, ನಾನು ಹಿಂದೆ. ಒಂಬತ್ತನೆಯ ದಿನ ಪಕ್ಕದ ಬೀದಿಯ ಹೂವಿನ ಹೆಂಗಸು ತಡೆದು, “ನಿಮ್ ಬೆಕ್ಕಾ? ಕಾಲೆಳ್ಕೊಂಡು ಬಂದು ನಮ್ ತೊಟ್ಟಿ ಹಿಂದೆ ಮಲಗವ್ಳೆ. ಅನ್ನ ಹಾಲು ಇಕ್ಕುದ್ರೆ ಮೂಸೂ ನೋಡಲ್ಲ, ಏನ್ ದೌಲತ್ತು” ಎಂದಳು. ಹೆಸರೂ ಗೊತ್ತಿಲ್ಲದ ಒಂದು ಪ್ರಾಣಿಯನ್ನು ಅವಳು ಗೋಣಿಚೀಲ ಹಾಸಿ, ನಾಯಿಗಳಿಂದ ಕಾದು ಉಳಿಸಿದ್ದಳು. ಈಗಲೂ ಆ ದಾರಿಯಲ್ಲಿ ಹೋದರೆ ಹೂವು ಕೊಳ್ಳದೆ ಬರುವುದಿಲ್ಲ. ಮುಡಿಯುವವರು ನನ್ನ ಮನೆಯಲ್ಲಿ ಯಾರೂ ಇಲ್ಲ.

ಚುಕ್ಕಿಯ ಹಿಂಗಾಲು ಸೊಟ್ಟಗೆ ಕೂಡಿಕೊಂಡಿತು. ಅಕ್ಕನೊಳಗೆ ಮುರಿದದ್ದು ಕೂಡಲಿಲ್ಲ. ಮನೆತುಂಬ ಚೀಟಿ ಅಂಟಿಸಿದಳು — ‘ಒಲೆ’, ‘ನಲ್ಲಿ’, ‘ಚಿಲಕ’. ತಾನು ಓಡಿಸುತ್ತಿದ್ದ ಸ್ಕೂಟರಿಗೆ ಹೊದಿಕೆ ಹಾಕಿ ಮೆಟ್ಟಿಲ ಕೆಳಗೆ ನಿಲ್ಲಿಸಿದಳು. ಮನೆಗೆ ಬರುವ ಮಕ್ಕಳಿಗೆ ಹೇಳುತ್ತಿದ್ದ ಪಾಠ ನಿಲ್ಲಿಸಿದಳು. ಡಾಕ್ಟರು ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು, ಅವಳು ನಂಬಲಿಲ್ಲ. “ಚಿಲಕ ಹಾಕ್ದೆ” ಎಂದು ಹೇಳುವುದನ್ನೂ ಬಿಟ್ಟಳು. ಸುಮ್ಮನೆ ನನ್ನನ್ನು ಕರೆದು, “ನೀನೇ ಹಾಕ್ಬಿಡೋ” ಎನ್ನುತ್ತಿದ್ದಳು. ಪ್ರತಿ ಭಾನುವಾರ ನಾನು ಹಾಕುತ್ತಿದ್ದೆ.

ಕಳೆದ ತಿಂಗಳು ಹೇಳಿದಳು: “ಚುಕ್ಕೀನ ಹುತ್ರಿದುರ್ಗದಲ್ಲಿರೋ ಚಿಕ್ಕಮ್ಮನ ಮಗಳ ಮನೆಗೆ ಕೊಟ್ಬಿಡೋಣ ಕಣೋ. ನನ್ನಂಥವಳ ಕೈಲಿ ಒಂದು ಜೀವ ಇರೋದು ಸರಿಯಲ್ಲ. ಬಲೆ ಬಿಚ್ಚು.”

ಸ್ಟೂಲು ಹತ್ತಿದೆ, ಕೈಯಲ್ಲಿ ಚಾಕು. ಮೊದಲ ಗಂಟು ಕೊಯ್ದೆ. ಚುಕ್ಕಿ ಹಲಗೆಯ ಮೇಲೆ, ಸೊಟ್ಟ ಕಾಲನ್ನು ಬಿಸಿಲಿಗೆ ಚಾಚಿಕೊಂಡು, ಅಳಿಲೊಂದನ್ನು ನೋಡುತ್ತಿದ್ದಳು. ಎರಡನೆಯ ಗಂಟಿಗೆ ಕೈ ಹೋಗಲಿಲ್ಲ. ಇಳಿದೆ. ಹೇಳಿದೆ — ಫೋನು, ಮೆಟ್ಟಿಲು, ಚಿಲಕ, “ಕೇಳ್ದೆ”. ಎಲ್ಲ.

ಅಕ್ಕ “ಇನ್ನೊಂದ್ಸಲ ಹೇಳು” ಎಂದಳು.

ಹೇಳಿದೆ.

“ಹಾಗಾದ್ರೆ ನಾನು ಹಾಕಿದ್ದೆ.”

“ನೀನು ಹಾಕಿದ್ದೆ ಅಕ್ಕ.”

“ಡಾಕ್ಟ್ರ ಮಾತು ನಂಬ್ಲಿಲ್ಲ ಕಣೋ ನಾಗು. ನಿನ್ ಮಾತು ನಂಬ್ದೆ.”

ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವಳು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಒಳಗೆ ಹೋಗಿ ಮುಖ ತೊಳೆದು ಬಂದು, ಸೆರಗಿನಲ್ಲಿ ಒರೆಸಿಕೊಳ್ಳುತ್ತ, ನಾನು ಕೊಯ್ದ ಗಂಟನ್ನು ನೋಡಿದಳು.

“ಈ ಮೂಲೆ ಹೇಗೂ ಜೀರ್ಣವಾಗಿದೆ. ಮುಂದಿನ ವಾರ ಕುಣಿಗಲ್‌ಗೆ ಹೋಗಿ ಹೊಸ ಬಲೆ ತರೋಣ. ಸ್ಕೂಟರ್ ರೆಡಿ ಮಾಡ್ಸು. ನಾನೇ ಓಡಿಸ್ತೀನಿ, ನೀನು ಹಿಂದೆ ಕೂತ್ಕೋ.”

ನಾಲ್ಕು ವರ್ಷವನ್ನು ನಾನು ಅವಳಿಗೆ ಹಿಂದಿರುಗಿಸಲಾರೆ. ಆದರೂ ಅವಳು ನನಗೆ ಹಿಂಬದಿಯ ಸೀಟು ಕೊಟ್ಟಳು. ಇದಕ್ಕೆ ನಾನು ಅರ್ಹನಲ್ಲ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಕೊಯ್ದ ಜಾಗಕ್ಕೆ ಹಗ್ಗ ಬಿಗಿದು ಒಳಗೆ ಬಂದು ಕೂತೆ. ಬಾಲ್ಕನಿಯಿಂದ ಅವಳ ದನಿ ಬಂತು, ಮೊದಲು ಸ್ವಲ್ಪ ಅಳುಕಿ, ಆಮೇಲೆ ಗಟ್ಟಿಯಾಗಿ:

“ಚಿಲಕ ಹಾಕ್ದೆ.”

“ಕೇಳ್ದೆ ಅಕ್ಕ.”

ಎದ್ದು ಹೋಗಿ ಜಗ್ಗಿ ನೋಡಬೇಕೆಂದು ಕಾಲು ಎಳೆಯಿತು. ಏಳಲಿಲ್ಲ.