ಎದ್ದು ನಿಲ್ಲದವರ ಅರ್ಜಿ

ಹಿರಿಯಡ್ಕದ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಅಂದರೆ ನಾನು. ಪಾಠ ಮಾಡುವುದು ಅರ್ಥಶಾಸ್ತ್ರವಾದರೂ, ಕಾರ್ಕಳದ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳು ಸಿಕ್ಕಿದರೆ ಗುರುತು ಹಿಡಿಯುವುದು ‘ಸ್ಕಾಲರ್‌ಶಿಪ್ ಮೇಡಂ’ ಎಂದೇ. ಆ ಹೆಸರಿನ ಮೇಲೆ ನನಗೆ ಆಸೆಯಿತ್ತು. ಈಗಲೂ ಉಂಟು, ಯಾಕೆ ಸುಳ್ಳು ಹೇಳಲಿ?

ನನ್ನ ಕ್ರಮ ಸರಳ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ತರಗತಿ ತರಗತಿಗೆ ಹೋಗಿ, “ಇನ್ನೂ ಅರ್ಜಿ ಮುಗಿಸದವರು ಎದ್ದು ನಿಲ್ಲಿ” ಎನ್ನುತ್ತಿದ್ದೆ. ಕೆಲವರು ನಿಲ್ಲುತ್ತಿದ್ದರು, ಕೆಲವರು ಬೆಂಚಿಗೆ ಅಂಟಿಕೊಂಡೇ ಇರುತ್ತಿದ್ದರು. ನಿಂತವರಲ್ಲೂ ಅರ್ಧಕ್ಕರ್ಧ ಜನ ಪೋರ್ಟಲ್ ತೆರೆದು, ಆದಾಯ ಪ್ರಮಾಣಪತ್ರ ಕೇಳುವ ಪುಟದಲ್ಲಿ ಕೈಬಿಡುತ್ತಿದ್ದರು. ಸರ್ಕಾರ ಕೊಡುತ್ತೇನೆ ಅಂದರೂ ಇವರಿಗೆ ತೆಗೆದುಕೊಳ್ಳಲಿಕ್ಕೆ ಉದಾಸೀನ ಎಂದು ನಾನು ಪ್ರತಿವರ್ಷ ಬೈಯುತ್ತಿದ್ದೆ. ಕಾಪುವಿನಲ್ಲಿರುವ ನನ್ನ ಅಣ್ಣನ ಮಗಳೂ ನಮ್ಮಲ್ಲೇ ಓದುತ್ತಿದ್ದಳು. ಅವಳು ಎಂದೂ ಎದ್ದು ನಿಲ್ಲಲಿಲ್ಲ. ಕೊಲ್ಲಿ ದೇಶದಲ್ಲಿ ದುಡಿಯುವವನ ಮಗಳು ಯಾಕೆ ನಿಲ್ಲಬೇಕು ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಅಷ್ಟರಲ್ಲಿ ಕಾಲೇಜಿಗೆ ಹೊಸಬಳೊಬ್ಬಳು ಬಂದಳು. ಅತಿಥಿ ಉಪನ್ಯಾಸಕಿ, ಗದಗದ ಕಡೆಯವಳು. ಅಪ್ಪ ಅಮ್ಮ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರಂತೆ. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯ ಹಾಗಿದ್ದಾಳೆ, ನಕ್ಕರೆ ಇಡೀ ಸ್ಟಾಫ್ ರೂಮಿಗೆ ಕೇಳಬೇಕು. ಬಂದ ವರ್ಷವೇ ಪ್ರಾಂಶುಪಾಲರ ಹತ್ತಿರ ಹೋಗಿ, ಶನಿವಾರದ ಕೊನೆಯ ಅವಧಿಗೆ ಕಂಪ್ಯೂಟರ್ ಲ್ಯಾಬ್ ಕೇಳಿ ತೆಗೆದುಕೊಂಡಳು. ಒಂದೊಂದು ವಾರ ಒಂದೊಂದು ತರಗತಿ. ಬೇಕಾದವರು, ಬೇಡದವರು ಎಂದಿಲ್ಲ, ಎಲ್ಲರೂ ಕುಳಿತು ಅರ್ಜಿ ತುಂಬಿಸಬೇಕು. ಕಾರಿನಲ್ಲಿ ಬರುವ ಹೋಟೆಲ್ ಮಾಲಕರ ಮಗನೂ ತುಂಬಿಸಬೇಕು. ಬೇಡದವರು ಕೊನೆಯ ಗುಂಡಿ ಒತ್ತದೆ ಪುಟ ಮುಚ್ಚಿದರಾಯಿತು.

“ಇದು ಎಂತ ಮಾರಾಯ್ತಿ, ಸುಮ್ಮನೆ ಕರೆಂಟ್ ದಂಡ ಅಲ್ವಾ?” ಎಂದು ಕೇಳಿದೆ.

“ಇರಲಿ ಬಿಡ್ರಿ ಮೇಡಂ, ಎಲ್ಲಾರೂ ತುಂಬಲಿ,” ಎಂದಳು. “ಯಾರು ಒತ್ತಿದ್ರು, ಯಾರು ಬಿಟ್ರು ಅಂತ ಬಾಜೂದವ್ರಿಗೆ ಯಾಕ ಗೊತ್ತಾಗಬೇಕ್ರಿ?”

ಆ ವರ್ಷ ನಮ್ಮಲ್ಲಿ ಅರ್ಧಕ್ಕೆ ನಿಂತ ಅರ್ಜಿಗಳು ಬೆರಳೆಣಿಕೆಯಷ್ಟು. ಪ್ರಾಂಶುಪಾಲರು ಸಭೆಯಲ್ಲಿ ಅವಳನ್ನು ಹೊಗಳಿದರು, ನಾನೂ ಚಪ್ಪಾಳೆ ತಟ್ಟಿದೆ. ತಟ್ಟುವಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಇಷ್ಟು ವರ್ಷ ಗಂಟಲು ಹರಿದುಕೊಂಡವಳು ನಾನು, ಹೆಸರು ಅವಳಿಗೆ. ಮಧ್ಯಾಹ್ನ ನನ್ನ ಮೇಜಿನ ಸುತ್ತ ಇರುತ್ತಿದ್ದ ಗುಂಪು ಅವಳ ಮೇಜಿಗೆ ಹೋಯಿತು. ಅವಳ ಡಬ್ಬಿಯ ಜೋಳದ ರೊಟ್ಟಿ ಮುರಿದು ತಿನ್ನುತ್ತಾ ಮಕ್ಕಳು ದಾಖಲೆಗಳ ಸಂಶಯ ಕೇಳುತ್ತಿದ್ದರು. ನನ್ನ ಡಬ್ಬಿಗೆ ಯಾರೂ ಎಂದೂ ಕೈ ಹಾಕಿದ್ದಿಲ್ಲ. ಹಾಕಲಿ ಎಂದು ನನಗೆ ಅನಿಸಿದ್ದೂ ಅವಳು ಬಂದ ಮೇಲೆಯೇ.

ಅದೇ ವರ್ಷ, ಅರ್ಜಿಯ ಕೊನೆಯ ದಿನಕ್ಕೆ ಮುಂಚಿನ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಸಂತೆಕಟ್ಟೆಯ ನನ್ನ ಮನೆಯಿಂದ ಕಾಪುವಿಗೆ ಅಣ್ಣನಲ್ಲಿಗೆ ಊಟಕ್ಕೆ ಹೋಗಿದ್ದೆ. ಅಣ್ಣ ರಜೆಯಲ್ಲಿ ಬಂದಿದ್ದ. ರಜೆ ಅಂದರೆ ಒಂದು ಮಳೆಗಾಲ ಕಳೆದು ಇನ್ನೊಂದು ಬಂದು ಹೋಗಿತ್ತು. ನಮ್ಮವರಲ್ಲಿ ಕೊಲ್ಲಿಯಿಂದ ಬಂದವರನ್ನು ‘ಯಾವಾಗ ವಾಪಸು?’ ಎಂದು ಮೊದಲ ತಿಂಗಳು ಕೇಳುತ್ತೇವೆ. ಆಮೇಲೆ ಯಾರೂ ಕೇಳುವುದಿಲ್ಲ. ಜಗಲಿಗೆ ಮಾರ್ಬಲ್ ಹಾಸಿದ ಮನೆ, ಅಂಗಳದಲ್ಲಿ ಮಾತೆಯ ಮೂರ್ತಿಯಿಟ್ಟ ಗುಹೆ, ಅದಕ್ಕೆ ಬಣ್ಣಬಣ್ಣದ ದೀಪ. ಒಡಹುಟ್ಟಿದವಳು ನಾನು, ನಾನೂ ಕೇಳಿರಲಿಲ್ಲ.

ಊಟದ ನಡುವೆ ಅಣ್ಣನ ಮೊಬೈಲ್ ಸದ್ದು ಮಾಡಿತು. ಮಗಳು ಅದನ್ನು ಕಿತ್ತುಕೊಂಡು ಎಂಜಲು ಕೈಯಲ್ಲೇ ಬಾವಿಯ ಕಡೆಗೆ ಓಡಿದಳು. ಕೊಂಕಣಿಯ ಮನೆಯಲ್ಲಿ ಅವಳ ಕನ್ನಡ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿತು: “ಮೇಡಂ, ಒಟಿಪಿ ಬಂತು. ಬರೆದುಕೊಳ್ಳಿ. ಅರ್ಜಿ ಇವತ್ತೇ ಮುಗಿಯುತ್ತದಲ್ವಾ?”

ಅಣ್ಣ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ. ಆ ‘ಮೇಡಂ’ ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಡುಗೆಮನೆಯಲ್ಲಿ ಅತ್ತಿಗೆಯನ್ನು ಹಿಡಿದು ನಿಲ್ಲಿಸಿದೆ. ಅವಳು ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಹೇಳಿದಳು: “ಅವರ ಕೆಲಸ ಹೋಗಿ ವರ್ಷ ಆಯಿತು. ಇದು ಸಿಗದಿದ್ದರೆ ಕೊನೆಯ ವರ್ಷ ಓದಿಸಲಿಕ್ಕೆ ಆಗುವುದಿಲ್ಲ. ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಉಂಟಂತೆ, ಹುಡುಗಿಯೇ ಕೇಳಿ ಬಂದಿದ್ದಾಳೆ.”

“ನನ್ನಲ್ಲಿ ಹೇಳಬಹುದಿತ್ತಲ್ವಾ? ಕಾಲೇಜಿನ ಎಲ್ಲ ಅರ್ಜಿಗೂ ಕೊನೆಗೆ ಒಪ್ಪಿಗೆ ಕೊಡುವವಳು ನಾನೇ ಅಲ್ವಾ? ಹೇಗೂ ನನ್ನ ಕಣ್ಣಿಗೆ ಬೀಳುವುದೇ.”

“ಕಂಪ್ಯೂಟರಿನಲ್ಲಿ ನೋಡು, ಅಡ್ಡಿಯಿಲ್ಲ. ಅವರ ಮುಖ ನೋಡಿ ಮಾತ್ರ ಕೇಳಬೇಡ.”

ನಾನು ಅಣ್ಣನನ್ನು ಕೇಳಲಿಲ್ಲ. ಆದರೆ ಹುಡುಗಿಯನ್ನು ಬಿಡುವವಳಲ್ಲ ನಾನು. ಬಸ್ ನಿಲ್ದಾಣದವರೆಗೆ ಬಿಡಲು ಅವಳು ಸ್ಕೂಟರ್ ತೆಗೆದಾಗ ಹಿಂದೆ ಕುಳಿತೇ ಕೇಳಿದೆ, “ಸ್ವಂತ ಆಂಟಿ ಇರುವಾಗ ಎಲ್ಲಿಂದಲೋ ಬಂದವಳು ಬೇಕಾಯಿತಾ ನಿನಗೆ?”

ಅವಳು ಗಾಡಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. “ನೀವು ಎದ್ದು ನಿಲ್ಲಿ ಅಂತೀರಿ, ಆಂಟಿ,” ಎಂದಳು.

ಎದ್ದು ನಿಲ್ಲುವುದರಲ್ಲಿ ತಪ್ಪೇನು ಎಂದು ನಾನು ಈಗಲೂ ವಾದ ಮಾಡಬಲ್ಲೆ. ನಾವೆಲ್ಲ ನಿಂತೇ ಓದಿದವರು. ಆದರೆ ಆ ದಿನ ಬಸ್ಸಿನಲ್ಲಿ ನನ್ನ ತಲೆಯಲ್ಲಿ ವಾದ ಇರಲಿಲ್ಲ, ಬರೀ ಹೊಟ್ಟೆಕಿಚ್ಚು. ಕಾಲೇಜನ್ನು ಕೊಂಡುಹೋದದ್ದು ಸಾಲದು ಎಂದು ನನ್ನ ತವರುಮನೆಯನ್ನೂ ಕೊಂಡುಹೋದಳಲ್ಲ! ಮರುದಿನ ನನ್ನ ಪರದೆಯಲ್ಲಿ ಅಣ್ಣನ ಮಗಳ ಅರ್ಜಿ ಬಂದು ಕೂತಿತ್ತು. ಒಂದು ದಾಖಲೆಯೂ ಓರೆಯಿಲ್ಲ, ನಾನೇ ಕೂತು ಮಾಡಿದ್ದರೂ ಅಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ. ಅದಕ್ಕೂ ಸಿಟ್ಟು ಬಂತು. ಸಿಟ್ಟಿನಲ್ಲೇ ಒಪ್ಪಿಗೆ ಕೊಟ್ಟೆ.

ಹಣ ಬಂತು. ಹುಡುಗಿ ಕೊನೆಯ ವರ್ಷಕ್ಕೆ ಸೇರಿದಳು. ನಮ್ಮ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ.

ಈ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬಕ್ಕೆ ಎಲ್ಲರೂ ಕಾಪುವಿನಲ್ಲಿ ಸೇರಿದ್ದೆವು. ಅದು ನಮ್ಮ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಯ ಯಜಮಾನ ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಬೆರೆಸಿ ಹಂಚುತ್ತಾನೆ. ಬೇರೆ ಹಬ್ಬಗಳಿಗೆ ಊರಿಗೆಲ್ಲ ಕರೆಯಿದ್ದರೂ ಈ ಹೊಸ ಅಕ್ಕಿಯ ಪಾಲು ಮನೆಯವರಿಗೆ ಮಾತ್ರ. ಅಣ್ಣ ಎಲ್ಲರಿಗೂ ಬಡಿಸಿದ ಮೇಲೆ ಒಂದು ಸಣ್ಣ ಸ್ಟೀಲ್ ಡಬ್ಬಿ ತುಂಬಿಸಿ, ಮುಚ್ಚಳ ಒತ್ತಿ ನನ್ನ ಮುಂದಿಟ್ಟ.

“ನಾಳೆ ಕಾಲೇಜಿಗೆ ಹೋಗುವಾಗ ತೆಗೆದುಕೊಂಡು ಹೋಗು. ಆ ಗದಗದ ಟೀಚರ್‌ಗೆ,” ಎಂದ. ಕೊನೆಗೂ ಅವನೇ ನನ್ನ ಮುಖ ನೋಡಿದ್ದ.

ಎಲ್ಲ ಬಿಟ್ಟು ನನ್ನ ಕೈಯಲ್ಲೇ ಕಳಿಸಬೇಕೇ? ಹಿರಿಯಡ್ಕದವರೆಗೂ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುದಿಯುತ್ತಾ ಹೋದೆ. ಸ್ಟಾಫ್ ರೂಮಿನಲ್ಲಿ ಅವಳ ಮೇಜಿನ ಮೇಲೆ ಕುಕ್ಕಿದೆ.

“ಏನ್ರಿ ಮೇಡಂ ಇದು?”

“ಪಾಯಸ. ಅಣ್ಣ ಕೊಟ್ಟದ್ದು,” ಎಂದೆ.

ಅವಳ ಮುಖ ಅರಳಿತು. ಕೂಡಲೇ ಎದ್ದು, ಚಹಾದ ಲೋಟಗಳನ್ನೆಲ್ಲ ಸಾಲಾಗಿ ಜೋಡಿಸಿ, “ಬರ್ರಿ ಸರ್, ಬರ್ರಿ ಮೇಡಂ, ಎಲ್ಲಾರೂ ಒಂದೊಂದು ಚಮಚ ತಿನ್ನೂಣು,” ಎಂದು ಇಡೀ ಕೋಣೆಯನ್ನು ಕರೆದು ಮುಚ್ಚಳ ತೆಗೆದಳು. ದೈಹಿಕ ಶಿಕ್ಷಣದ ಸರ್ ಆಗಲೇ ಕೈ ಚಾಚಿದ್ದರು.

ನಾನು ಅವಳ ಕೈ ಹಿಡಿದೆ.

“ಹಂಚಬೇಡ ಮಾರಾಯ್ತಿ,” ಎಂದೆ. “ಇದು ನಮ್ಮಲ್ಲಿ ಮನೆಯವರಿಗೆ ಮಾತ್ರ ಕೊಡುವುದು.”

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಜೋರಾಗಿ ನಗುವವಳು ಆಗ ನಗಲಿಲ್ಲ. ಲೋಟಗಳನ್ನು ಬದಿಗೆ ಸರಿಸಿ ಕುರ್ಚಿಯಲ್ಲಿ ಕುಳಿತು, ನಿಧಾನವಾಗಿ ತಿನ್ನತೊಡಗಿದಳು. ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು. ಆದರೂ ಅವಳು ತಿಂದು ಮುಗಿಸುವವರೆಗೆ ನಾನು ಎದುರಿಗೆ ಕೂತು, ಬೇರೆ ಯಾರೂ ಅದಕ್ಕೆ ಕೈ ಹಾಕದ ಹಾಗೆ ನೋಡಿಕೊಂಡೆ.